ನೀಲಗಂಗಾಳ ನಲವತ್ತೊಂದನೆಯ ರೆಕಾರ್ಡಿಂಗ್

ಗಾಳಿಯೂರು,
ಗಾಳಿಶಕೆ ಇನ್ನೂರ ಹನ್ನೆರಡು, ಹದಿಮೂರನೆಯ ತಿಂಗಳ ಮೂವತ್ತೇಳು.

ಗದಗಿನ ದರ್ಜಿ ನೀಲಗಂಗಾ ಮುಳಗುಂದ ಅವರಿಗೆ ಮಿಂಚವ್ವ ಸೈದಾಪುರಳ ನಮಸ್ಕಾರಗಳು.

ದಿನಾಂಕ ನೋಡಿ ಹೌಹಾರಬೇಡಿ. ನಮ್ಮಲ್ಲಿ ತಿಂಗಳು ಹದಿಮೂರು. ಕೊನೆಯದು ಗಾಳಿ ಇಳಿಯುವ ತನಕ ಮುಗಿಯುವುದಿಲ್ಲ. ನನ್ನ ಮಾತು ಒರಟಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕೇಳಿದ್ದು ನಿಮ್ಮ ಬಾಯಿಂದಲೇ, ಅದೂ ಧ್ವನಿ ಉಳಿದ ಒಂದೇ ಒಂದು ರೆಕಾರ್ಡಿಂಗಿನಲ್ಲಿ. ನನಗೆ ಅರವತ್ತೆಂಟು ವರ್ಷ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ನಾನು ತಡೆನಡೆಯ ಗುರು. ತಡೆನಡೆ ಎಂದರೆ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ನೋಟಗಣಿ ಎಂಬ ಜಾಗವಿದೆ. ಹಳೆಯ ಡಿಸ್ಕುಗಳನ್ನು ಮಣ್ಣಿನಿಂದ ಅಗೆದು ತೆಗೆದು, ಒಳಗೆ ಉಳಿದಿರುವ ದೃಶ್ಯಗಳನ್ನು ಅಲ್ಲಿ ತೊಳೆದು ಇಡುತ್ತಾರೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ನಿಮ್ಮ ನಲವತ್ತು ರೆಕಾರ್ಡಿಂಗುಗಳು ಸಿಕ್ಕವು. ಧ್ವನಿ ಪೂರ್ತಿ ಹಾಳಾಗಿತ್ತು. ಚಿತ್ರದಲ್ಲಿ ಒಂದು ಬಸ್ಸು, ರಸ್ತೆಯ ಮೇಲೆ ಜನ, ಮೂಲೆಯ ಸಣ್ಣ ಚೌಕದಲ್ಲಿ ನೀವು. ಬಸ್ಸು ಒಂದು ಕಂಬದ ಬಳಿ ಗಕ್ಕನೆ ನಿಂತು ಮೂರನೆಯ ಕಂಬದ ಬಳಿ ಕಾಣಿಸಿಕೊಳ್ಳುತ್ತಿತ್ತು. ಜನ ಎತ್ತಿದ ಕಾಲು ಎತ್ತಿದಂತೆಯೇ ನಿಂತು, ಆಮೇಲೆ ನಾಲ್ಕು ಹೆಜ್ಜೆ ಮುಂದೆ ಹಾರುತ್ತಿದ್ದರು. ನೀವೂ ಹಾಗೆಯೇ, ಚಹಾದ ಲೋಟ ಅರ್ಧ ದಾರಿಯಲ್ಲಿ, ಮರುಗಳಿಗೆಗೆ ಲೋಟ ಖಾಲಿ. ಅದು ಬಸ್ಸು ಓಡಿಸುವ ಕಂಪ್ಯೂಟರ್ ಆಟ, ಆಡುತ್ತಾ ನೀವು ರೆಕಾರ್ಡ್ ಮಾಡಿಕೊಂಡದ್ದು ಎಂದು ನಮಗೆ ತಿಳಿಯಲಿಲ್ಲ. ಹಿರಿಯರು ನಡೆಯುತ್ತಿದ್ದುದೇ ಹೀಗೆ ಎಂದುಕೊಂಡೆವು. ನಿಂತು ಹಾರುವ ಆ ನಡಿಗೆಯನ್ನೇ ಕುಣಿತ ಮಾಡಿಕೊಂಡು ತಡೆನಡೆ ಎಂದು ಕರೆದೆವು.

ಅಲ್ಲಿಂದ ಶುರುವಾಯಿತು ನೋಡಿ. ಹೊಸ್ತಿಲು ದಾಟುವಾಗ ಹಿರಿಯರ ಗೌರವಕ್ಕೆ ಒಂಟಿಗಾಲಿನಲ್ಲಿ ನಿಂತು ಮೂರು ಎಣಿಸಬೇಕು. ಮದುವೆಯಲ್ಲಿ ವಧೂವರರು ಹನ್ನೆರಡು ತಡೆ ತಡೆಯಬೇಕು. ಮಕ್ಕಳು ಏಳನೆಯ ವರ್ಷಕ್ಕೆ ನನ್ನ ಬಳಿ ಬರುತ್ತಾರೆ. ಕಾಲು ನಡುಗಿದ ಮಗುವಿಗೆ, ನಿಮ್ಮ ಅಜ್ಜಿಯರು ಬಸ್ಸಿನೊಳಗೇ ನಿಲ್ಲುತ್ತಿದ್ದರು, ನಿನಗೆ ನೆಲದ ಮೇಲೆ ನಿಲ್ಲಲು ಬರುವುದಿಲ್ಲವೇ ಎಂದು ಗದರಿಸಿದ್ದೇನೆ. ಮೂವತ್ತೊಂದು ವರ್ಷ ಹೀಗೇ ಗದರಿಸಿದೆ.

ಎರಡು ತಿಂಗಳ ಹಿಂದೆ ನೋಟಗಣಿಯಲ್ಲಿ ಅಗೆಯುವ ನನ್ನ ಗೆಳತಿ ಇಮಾಂಬಿ ಇನ್ನೊಂದು ಡಿಸ್ಕು ತಂದಳು. ಅದರಲ್ಲಿ ನಿಮ್ಮ ನಲವತ್ತೊಂದನೆಯ ರೆಕಾರ್ಡಿಂಗ್ ಇತ್ತು, ಧ್ವನಿ ಸಮೇತ. ಬಸ್ಸು ನೀರು ಹರಿದಂತೆ ಹರಿಯಿತು. ಕಂಬಗಳು ಒಂದಾದ ಮೇಲೊಂದು ಬಂದು ಹೋದವು. ನೀವು ಕ್ಯಾಮೆರಾದತ್ತ ತಿರುಗಿ ಹೇಳಿದಿರಿ:

“ನಲವತ್ತು ಸಲ ನಿಮ್ಮ ಮುಂದ ಕಂಪ್ಯೂಟರ್ ಹಳೇದಾಗೇತಿ ಅಂತ ಬೈದೇನ್ರಿ. ಅದರದೇನೂ ತಪ್ಪಿಲ್ಲ. ತಪ್ಪು ನಂದ.”

ಅಷ್ಟನ್ನೇ ಮೂರು ಸಲ ಮತ್ತೆ ಮತ್ತೆ ಹಾಕಿಸಿ ಕೇಳಿದೆ.

ಆದರೂ ನೋಡುತ್ತಾ ಹೋದಂತೆ ನಿಮ್ಮ ಮೇಲಿನ ಗೌರವ ಹೆಚ್ಚುತ್ತಲೇ ಹೋಯಿತು, ತಾಯಿ. ಆಡುವಾಗ ಪರದೆಯ ಮೇಲೆ ಎಲ್ಲವೂ ಸರಾಗ, ರೆಕಾರ್ಡ್ ಆದದ್ದು ಮಾತ್ರ ತುಂಡು ತುಂಡು. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಂಡು ಎದ್ದು ಹೋಗುತ್ತಿದ್ದರು. ನೀವು ರವಿಕೆಯ ಅಳತೆ ಬರೆಯುವ ಪುಸ್ತಕವನ್ನೇ ತೆರೆದು ಕುಳಿತಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ಕಂಬಗಳು, ಮೂವತ್ತು ಸೆಕೆಂಡು. ರೆಕಾರ್ಡಿಂಗನ್ನು ಬೇರೆ ಡಿಸ್ಕಿಗೆ ಹಾಕಿದಿರಿ, ಚಿತ್ರದ ಗಾತ್ರ ಇಳಿಸಿದಿರಿ, ಹಿಂದೆ ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದಿರಿ. ಎದೆ ಮೂವತ್ನಾಲ್ಕು, ತೋಳು ಹತ್ತು ಎಂದು ಬರೆದ ಕೆಳಗೇ ‘ಕಂಬ ಆರು ಹಾರಿತು’ ಎಂದು ಬರೆದಿರುವುದನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ್ದೀರಿ. ನನಗಂತೂ ಅಷ್ಟು ತಾಳ್ಮೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

ನಲವತ್ತನೆಯದೂ ಕೆಟ್ಟಾಗ ಬೇಸತ್ತು ಹೊಲಿಗೆಗೆ ಕುಳಿತಿರಂತೆ. ಸಿಟ್ಟಿನಲ್ಲಿ ಬಟ್ಟೆಯನ್ನು ಜೋರಾಗಿ ಎಳೆದಿರಿ, ಸೂಜಿಗೆ ಪುರುಸೊತ್ತಾಗದೆ ಹೊಲಿಗೆ ಜಿಗಿಯಿತು. ಆಗ ಹೊಳೆಯಿತಂತೆ. ಆಟಕ್ಕೆ ನೀವು ಲಗಾಮೇ ಹಾಕಿರಲಿಲ್ಲ. ಅದು ಸೆಕೆಂಡಿಗೆ ನೂರೈವತ್ತು ಚಿತ್ರ ಬಿಡಿಸುತ್ತಾ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೆಲ್ಲ ತಾನೇ ನುಂಗುತ್ತಿತ್ತು, ರೆಕಾರ್ಡ್ ಮಾಡುವ ಸಾಫ್ಟ್‌ವೇರಿಗೆ ಉಸಿರಾಡಲೂ ಜಾಗವಿರಲಿಲ್ಲ. ಆಟವನ್ನು ಅರವತ್ತಕ್ಕೆ ಕಟ್ಟಿಹಾಕಿದಿರಿ, ರೆಕಾರ್ಡಿಂಗನ್ನೂ ಅರವತ್ತಕ್ಕೇ ಇಟ್ಟಿರಿ. ಅಷ್ಟೇ. ಅಷ್ಟಕ್ಕೆ ನಮ್ಮ ಊರು ನಾಲ್ಕು ತಲೆಮಾರು ಒಂಟಿಗಾಲಿನಲ್ಲಿ ನಿಂತಿತ್ತು.

ಇಮಾಂಬಿ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಇದನ್ನ ಮತ್ತ ಹೂತಬಿಡೂಣು. ನಾ ತಗದಿಲ್ಲ, ನೀ ನೋಡಿಲ್ಲ,” ಎಂದಳು. ನನ್ನ ಮೇಲಿನ ಪ್ರೀತಿಗೆ ಹಾಗೆಂದಳು. ಈ ವಿದ್ಯೆ ಬಿಟ್ಟರೆ ನನಗೆ ಬೇರೆ ಹೆಸರಿಲ್ಲ, ಬೀದಿಯಲ್ಲಿ ಜನ ಎದ್ದು ನಿಲ್ಲುವುದು ಇದೊಂದಕ್ಕಾಗಿ. ಸುಳ್ಳು ಹೇಳುವುದಿಲ್ಲ, ಎರಡು ತಿಂಗಳು ಸುಮ್ಮನಿದ್ದೆ. ಪಾಠವನ್ನೂ ನಡೆಸಿದೆ. ಆದರೆ ಮಗುವೊಂದು ಕಾಲೆತ್ತಿ ನಿಂತಾಗಲೆಲ್ಲ ನಿಮ್ಮ ಮಾತು ಕಿವಿಯಲ್ಲಿ ಕೇಳುತ್ತಿತ್ತು. ನೋಡುತ್ತಿದ್ದವರು ಹದಿನಾಲ್ಕೇ ಮಂದಿ ಎಂದು ನೀವೇ ಹೇಳಿದ್ದೀರಿ. ಒಪ್ಪಿಕೊಳ್ಳದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಒಪ್ಪಿಕೊಂಡಿರಿ.

ನಿನ್ನೆ ವರ್ಷಾಂತ್ಯದ ಕೂಟದಲ್ಲಿ, ಮಕ್ಕಳು ಕುಣಿಯಲು ಸಾಲಾಗಿ ನಿಂತಿದ್ದಾಗ, ಅವರನ್ನು ಕೂರಿಸಿ ನಿಮ್ಮ ರೆಕಾರ್ಡಿಂಗ್ ಹಾಕಿಸಿದೆ. ಮುಗಿದ ಮೇಲೆ ಎದ್ದು ನಿಂತು, ನಿಮ್ಮ ಮಾತನ್ನೇ ಎರವಲು ತಂದು ಹೇಳಿದೆ: “ತಪ್ಪು ನಂದ.”

ಆಮೇಲೆ ನನ್ನ ಮೊದಲ ಶಿಷ್ಯ ಬಸಣ್ಣೆಪ್ಪ ಕೋಲೂರಿಕೊಂಡು ಎದ್ದ. ಒಂಟಿಗಾಲಿನಲ್ಲಿ ನಿಂತೂ ನಿಂತೂ ಅವನ ಎಡ ಮೊಣಕಾಲು ಸವೆದು ಹೋಗಿದೆ. “ಹಂಗಾರ ನನ್ನ ಮೊಣಕಾಲು?” ಎಂದ. ಊರ ಮುಂದೆ ಅವನ ಕಾಲು ಮುಟ್ಟಿದೆ. ಅವನು ಆ ಬಸ್ಸನ್ನು ಇನ್ನೊಮ್ಮೆ ತೋರಿಸಲು ಹೇಳಿ ಕುಳಿತ. ಬಸ್ಸು ಸ್ಟ್ಯಾಂಡು ಮುಟ್ಟುವ ತನಕ ಊರಿಗೆ ಊರೇ ಕದಲದೆ ನೋಡಿತು.

ಒಂದೇ ಬೇಡಿಕೆ. ಆ ಕೆಟ್ಟ ನಲವತ್ತನ್ನು ಅಳಿಸಬೇಡಿ. ಅವು ಇಲ್ಲದಿದ್ದರೆ ನಾವು ಕುಣಿಯುತ್ತಿರಲಿಲ್ಲ, ನಿಜ. ನಿಮ್ಮನ್ನು ಹುಡುಕುತ್ತಲೂ ಇರಲಿಲ್ಲ.

ಇನ್ನು ಪತ್ರ ಮುಗಿಸುತ್ತೇನೆ. ನಿನ್ನೆ ಕೂಟ ಮುಗಿಸಿ ಮನೆಗೆ ಬಂದಾಗ ಹೊಸ್ತಿಲಲ್ಲಿ ಬಲಗಾಲು ತಾನಾಗಿಯೇ ಮೇಲೆದ್ದಿತು. ಒಂದು ಎಣಿಸಿದೆ. ಎರಡು ಎಣಿಸಲಿಲ್ಲ, ಕಾಲಿಳಿಸಿ ಒಳಗೆ ಬಂದೆ.