ಹೊರಟ ಹಡಗನ್ನು ಫೋಟೊಗಾಗಿ ನಿಲ್ಲಿಸಿದವರಿಗೆ

ಜಿಲ್ಲಾ ಶಿಕ್ಷಣ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಜುಮ್ರಿಯಾ ಎಂಬ ಹದಿನಾಲ್ಕು ವರ್ಷದ ಹುಡುಗಿಯ ಹೆಸರನ್ನು ಮಕಾಸ್ಸರಿನ ವಿಜ್ಞಾನ ವಸತಿ ಶಾಲೆಯ ಆಯ್ಕೆ ಪಟ್ಟಿಯಿಂದ ನೀವು ಹೊಡೆದುಹಾಕಿದ್ದೀರಿ. ಪ್ರವೇಶ ಪರೀಕ್ಷೆಯಲ್ಲಿ ಅವಳು ಜಿಲ್ಲೆಗೇ ಎರಡನೆಯವಳು. ಕಡತದಲ್ಲಿ ನೀವು ಬರೆಸಿರುವ ಕಾರಣಗಳು ಎರಡು: ಹಿರಿಯರ ಎದುರು ಅವಿಧೇಯತೆ, ಮತ್ತು ಬಲ ಹಾಗೂ ಚಲನೆಯ ಮೂಲಪಾಠಗಳಲ್ಲಿ ತಿಳಿವಳಿಕೆಯ ಕೊರತೆ. ಮೊದಲನೆಯದನ್ನು ಓದಿ ಸಿಟ್ಟು ಬಂತು, ಎರಡನೆಯದನ್ನು ಓದಿ ನಗು ಬಂತು. ಈ ಕಾಗದವನ್ನು ನಿಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ಅಲ್ಲಿ ಒಮ್ಮೆ ಕೂತ ಕಾಗದ ಮತ್ತೆ ಏಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯವಾದ್ದರಿಂದ ನೇರವಾಗಿ ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಬೊಂಟೊಲಾವು ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ಕಡಲ ದಂಡೆಯಲ್ಲಿ ಮರದ ಹಡಗುಗಳನ್ನು ನೀರಿಗೆ ಇಳಿಸುವಾಗ ಹಗ್ಗ ಹಿಡಿದ ಜನಕ್ಕೆ ಕೂಗು ಹಾಕುವುದು ನನ್ನ ಕೆಲಸ. ನಾನು ಕೂಗಿದಾಗ ಎಲ್ಲರೂ ಒಟ್ಟಿಗೆ ಎಳೆಯುತ್ತಾರೆ, ಕೂಗು ನಿಲ್ಲಿಸಿದಾಗ ಒಟ್ಟಿಗೆ ಬಿಡುತ್ತಾರೆ. ಜುಮ್ರಿಯಾಳ ಅಪ್ಪ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬುವವನು. ಹುಡುಗಿ ನಡೆಯಲು ಕಲಿತದ್ದೇ ಹಡಗಿನ ಹೊಟ್ಟೆಯ ಕೆಳಗೆ. ಇಂಥವಳಿಗೆ ಬಲ ಮತ್ತು ಚಲನೆ ತಿಳಿಯದು ಎಂದು ನೀವು ಮೊಹರು ಒತ್ತಿದ್ದೀರಿ.

ಅಂದು ಏನಾಯಿತು ಎಂಬುದನ್ನು ನೀವು ಮರೆತಿರಬಹುದು. ಜವಾಬ್ದಾರಿಯುತ ಸ್ಥಾನದಲ್ಲಿರುವವರಿಗೆ ಮರೆವು ಒಂದು ಸವಲತ್ತು. ಹುಣ್ಣಿಮೆಯ ಬೆಳಗ್ಗೆ, ಹಡಗು ಕಟ್ಟುವ ಡಾಯೆಂಗ್ ರೇವ ಏಳು ತಿಂಗಳು ಬೆವರು ಸುರಿಸಿ ಕಟ್ಟಿದ ತೊಂಬತ್ತು ಟನ್ನಿನ ಹಡಗನ್ನು ನೀರಿಗೆ ಇಳಿಸಬೇಕಿತ್ತು. ವಿಜ್ಞಾನ ಸಪ್ತಾಹದ ನೆಪದಲ್ಲಿ ಮೂರು ಶಾಲೆಗಳ ಮಕ್ಕಳನ್ನು ನೀವು ಬಸ್ಸುಗಳಲ್ಲಿ ತುಂಬಿಸಿಕೊಂಡು ಬಂದಿರಿ. ಜೊತೆಗೊಂದು ಉದ್ದನೆಯ ಬ್ಯಾನರ್: ‘ಬಲ ಮತ್ತು ಚಲನೆ, ಒಂದು ಜೀವಂತ ಪಾಠ’. ಅದರಲ್ಲಿ ಪಾಠಕ್ಕಿಂತ ನಿಮ್ಮ ಮುಖವೇ ದೊಡ್ಡದಿತ್ತು. ನಿಮಗೆ ನೆರಳಲ್ಲಿ ಕುರ್ಚಿ ಹಾಕಿ, ಬಾಳೆಲೆಯಲ್ಲಿ ಬಿಸಿ ಸೊಂಕೊಲೊ ಅನ್ನ, ಹುರಿದ ಮೀನು ಕೊಟ್ಟೆವು. ಎರಡು ಸಲ ಬಡಿಸಿಕೊಂಡಿರಿ, ಸಂತೋಷ.

ಹಡಗು ಗ್ರೀಸು ಬಳಿದ ತೆಂಗಿನ ದಿಮ್ಮಿಗಳ ಮೇಲೆ ಕೂತಿತ್ತು. ಮೊದಲ ಒಂದು ಗಂಟೆ ಇನ್ನೂರು ಜನ ಎಳೆದರೂ ಅದು ಕದಲಲಿಲ್ಲ. ಆಮೇಲೆ ಒಂದು ಕೂಗಿಗೆ ಮರ ಕಿರುಗುಟ್ಟಿತು, ಹಡಗು ಒಂದು ಗೇಣು ಸರಿಯಿತು. ಮುಂದಿನ ಕೂಗಿಗೆ ಎರಡು ಗೇಣು. ಒಮ್ಮೆ ಕದಲಿದ ಮೇಲೆ ಜನರ ಕೈಗೆ ಹಗ್ಗ ಹಗುರವಾಯಿತು. ಹಿಡಿದ ವೇಗ ಬಿಡದಂತೆ ನಾನು ಒಂದರ ಹಿಂದೊಂದು ಕೂಗು ಹಾಕುತ್ತಿದ್ದೆ. ಹಡಗಿನ ಮೂತಿ ನೀರಿಗೆ ಇನ್ನು ಹನ್ನೆರಡು ಮಾರು ದೂರದಲ್ಲಿದ್ದಾಗ ನೀವು ಕುರ್ಚಿಯಿಂದ ಎದ್ದು ಕೈ ಎತ್ತಿದಿರಿ. ಬ್ಯಾನರ್ ಕಾಣುತ್ತಿಲ್ಲ, ಮಕ್ಕಳನ್ನು ಹಡಗಿನ ಮುಂದೆ ಸಾಲಾಗಿ ನಿಲ್ಲಿಸಬೇಕು, ಒಂದು ಫೋಟೊ ಆಗಲಿ ಎಂದಿರಿ.

ಡಾಯೆಂಗ್ ರೇವ ಮರಳಲ್ಲಿ ಓಡಿ ಬಂದ. ಅರವತ್ತೆರಡು ವರ್ಷದ ಮನುಷ್ಯ. “ಪಾಕ್, ಸಾಹೇಬ್ರೇ, ಈಗ ನಿಲ್ಸಿದ್ರೆ ಇದು ಮತ್ತೆ ಏಳಲ್ಲ. ನೀರು ಮುಟ್ಲಿ, ಆಮೇಲೆ ಎಷ್ಟ್ ಬೇಕಾದ್ರೂ ತಕ್ಕೊಳಿ” ಎಂದು ಬೇಡಿಕೊಂಡ.

“ಐದೇ ನಿಮಿಷ ಕಣಯ್ಯ. ಹಡಗೇನು ಓಡಿಹೋಗುತ್ತಾ?” ಎಂದು ನೀವು ನಕ್ಕಿರಿ.

ನಿಮ್ಮ ಮಾತು ಅಕ್ಷರಶಃ ನಿಜವಾಯಿತು. ಹಡಗು ಎಲ್ಲಿಗೂ ಓಡಿಹೋಗಲಿಲ್ಲ. ಐದು ನಿಮಿಷ ಇಪ್ಪತ್ತೈದಾಯಿತು, ಏಕೆಂದರೆ ಮೊದಲ ಫೋಟೊದಲ್ಲಿ ನೀವು ಕಣ್ಣು ಮುಚ್ಚಿದ್ದಿರಿ. ಆಮೇಲೆ ನಾವು ಎಳೆದೆವು, ಜನರ ಅಂಗೈ ಸುಲಿದವು, ಹಡಗು ಒಂದು ಬೆರಳಿನಷ್ಟೂ ಅಲುಗಲಿಲ್ಲ. ಆಗ ನಿಮಗೆ ಹೊಳೆದ ಉಪಾಯ ಅದ್ಭುತವಾಗಿತ್ತು. ಇನ್ನೂರು ಜನ ಒಟ್ಟಿಗೆ ಸುಸ್ತಾಗುವುದೇಕೆ, ಇಪ್ಪತ್ತಿಪ್ಪತ್ತು ಜನ ಸರದಿಯ ಮೇಲೆ ಹತ್ತು ಸಲ ಎಳೆಯಲಿ, ಲೆಕ್ಕ ಒಂದೇ ತಾನೆ ಎಂದಿರಿ. ನಿಮ್ಮ ಮಗ್ಗಿ ಸರಿಯಾಗಿಯೇ ಇದೆ, ಮಾನ್ಯರೇ. ಹಡಗಿಗೆ ಮಗ್ಗಿ ಬರುವುದಿಲ್ಲ. ಒಂದು ಸಲದ ಎಳೆತ ನೆಲದ ಹಿಡಿತಕ್ಕಿಂತ ಕಡಿಮೆ ಇದ್ದರೆ ಅದು ಕದಲುವುದಿಲ್ಲ. ಅಂಥ ಎಳೆತ ಹತ್ತು ಸಲ ಆದರೂ ಅಷ್ಟೇ, ಸಾವಿರ ಸಲ ಆದರೂ ಅಷ್ಟೇ.

ಜನ ಸೋಮಾರಿಗಳಾದರು ಎಂದು ಗೊಣಗಿ ನೀವು ಮಕ್ಕಳ ಕಡೆ ತಿರುಗಿದಿರಿ. ಇಷ್ಟು ಹೊತ್ತು ಬರುತ್ತಿದ್ದ ಹಡಗು ಈಗ ಯಾಕೆ ಬರುತ್ತಿಲ್ಲ, ಯಾರಾದರೂ ಹೇಳಿ ಎಂದು ಕೇಳಿದಿರಿ. ಗಮನಿಸಿ, ಕೇಳಿದ್ದು ನೀವು. ಒಗ್ಗಟ್ಟಿಲ್ಲ ಎಂದೋ, ಶಿಸ್ತಿಲ್ಲ ಎಂದೋ ಯಾರಾದರೂ ಹೇಳಿದರೆ ಅದರ ಮೇಲೆ ಒಂದು ಭಾಷಣ ಬಿಗಿಯಲು ಸಿದ್ಧರಾಗಿದ್ದಿರಿ. ಜುಮ್ರಿಯಾ ಕೈ ಎತ್ತಿದಳು.

“ನಿಲ್ಸಿದ್ದಕ್ಕೆ, ಪಾಕ್. ಹೋಗ್ತಾ ಇರೋದನ್ನ ಎಳೆಯೋಕೆ ಬೇಕಾದ ಬಲಕ್ಕಿಂತ, ನಿಂತಿರೋದನ್ನ ಕದಲಿಸೋಕೆ ಜಾಸ್ತಿ ಬೇಕು. ನಿಲ್ಸದೇ ಇದ್ದಿದ್ರೆ ಇಷ್ಟೊತ್ತಿಗೆ ನೀರಲ್ಲಿರ್ತಿತ್ತು.”

ಹಗ್ಗದ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ನಿಮ್ಮ ಮುಖ ಕೆಂಪಾಯಿತು. “ಓಹೋ, ಅರ್ಧ ಗಂಟೆಲಿ ಹಡಗಿನ ತೂಕ ಹೆಚ್ಚಾಗಿಬಿಡ್ತೇನಮ್ಮ?” ಎಂದಿರಿ.

“ತೂಕ ಅಷ್ಟೇ ಇದೆ, ಪಾಕ್. ಹಿಡಿತ ಹೆಚ್ಚಾಯ್ತು.”

ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಮೂವತ್ತೊಂದು ವರ್ಷದಲ್ಲಿ ಯಾವ ಉತ್ತರಪತ್ರಿಕೆಯಲ್ಲೂ ಓದಿಲ್ಲ. ಭೂಮಿ ಹಡಗನ್ನು ಕೆಳಕ್ಕೆ ಎಳೆಯುವ ಬಲ ಆ ಅರ್ಧ ಗಂಟೆಯಲ್ಲಿ ಒಂದು ಗುಂಜಿಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಘರ್ಷಣೆ. ನಿಂತ ಹಡಗಿನ ಭಾರಕ್ಕೆ ಗ್ರೀಸು ಪಕ್ಕಕ್ಕೆ ಹಿಂಡಿಹೋಯಿತು, ದಿಮ್ಮಿಗಳು ಮರಳಲ್ಲಿ ಹೂತವು, ಮರದ ಉಬ್ಬುತಗ್ಗುಗಳು ಒಂದಕ್ಕೊಂದು ಕಚ್ಚಿಕೊಂಡವು. ಇದನ್ನೇ ನಿಮ್ಮ ಇಲಾಖೆ ಅಚ್ಚು ಹಾಕಿಸಿ ಹಂಚಿದ ಎಂಟನೆಯ ತರಗತಿಯ ಪುಸ್ತಕದಲ್ಲಿ ಸ್ಥಾಯಿ ಘರ್ಷಣೆ ಎಂದು ಕರೆದಿದ್ದಾರೆ. ಅದು ಜಾರು ಘರ್ಷಣೆಗಿಂತ ಹೆಚ್ಚು ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಪುಸ್ತಕ ಸಿಗದಿದ್ದರೆ ನಿಮ್ಮ ಕೋಣೆಯ ಕಬ್ಬಿಣದ ಬೀರುವನ್ನು ಒಮ್ಮೆ ತಳ್ಳಿ ನೋಡಿ. ಮೊದಲ ನೂಕಿಗೆ ಹಲ್ಲು ಕಚ್ಚಬೇಕಾಗುತ್ತದೆ, ಒಮ್ಮೆ ಹೊರಟರೆ ಸುಲಭ. ಜವಾನನ ಕೈಲಿ ತಳ್ಳಿಸಬೇಡಿ, ನೀವೇ ತಳ್ಳಿ.

ಮಧ್ಯಾಹ್ನಕ್ಕೆ ಸಮುದ್ರ ಹಿಂದೆ ಸರಿಯಿತು. ಚಂದ್ರನ ಸೆಳೆತಕ್ಕೆ ಏರಿ ಬರುವ ಭರತ ನಿಮ್ಮ ಫೋಟೊಗ್ರಾಫರನಿಗಾಗಿ ಕಾಯಲಿಲ್ಲ. ಗುರುತ್ವಾಕರ್ಷಣೆಯನ್ನು ಇನ್ನೂ ನಿಮ್ಮ ಕಚೇರಿಯ ಅಧೀನಕ್ಕೆ ತಂದಿಲ್ಲ. ನೀವು ಬಸ್ಸು ಹತ್ತಿದಿರಿ. ವಾರದ ಮೇಲೆ ಜುಮ್ರಿಯಾಳ ಹೆಸರು ಪಟ್ಟಿಯಲ್ಲಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅವಿಧೇಯತೆಯಾದದ್ದು ಯಾವ ಸುತ್ತೋಲೆಯ ಪ್ರಕಾರ? ತಪ್ಪು ಉತ್ತರ ಕೊಟ್ಟಿದ್ದರೆ ಅವಳು ವಿಧೇಯಳಾಗುತ್ತಿದ್ದಳೇ?

ಮೊನ್ನೆ ಅಮಾವಾಸ್ಯೆಯ ಭರತಕ್ಕೆ ಅದೇ ಹಡಗನ್ನು ಮತ್ತೆ ಎಳೆದೆವು. ದಿಮ್ಮಿಗಳನ್ನು ಅಗೆದು ತೆಗೆದು, ಹೊಸದಾಗಿ ಗ್ರೀಸು ಬಳಿದು, ಪಕ್ಕದೂರಿನಿಂದ ಇನ್ನೂ ನೂರು ಜನರನ್ನು ಕರೆಸಿ ಎಳೆದೆವು. ಯಾರೂ ಕೈ ಎತ್ತದಿದ್ದುದರಿಂದ ಅದು ಒಂದೇ ಓಟಕ್ಕೆ ನೀರಿಗಿಳಿಯಿತು. ಜುಮ್ರಿಯಾ ಹಗ್ಗದ ಹತ್ತಿರ ಬರಲಿಲ್ಲ. ಪ್ರತಿ ಸಲವೂ ಒಂದೊಂದು ಕೂಗಿಗೆ ಹಡಗು ಎಷ್ಟು ಸರಿಯಿತು ಎಂದು ಮರಳಲ್ಲಿ ಗೆರೆ ಎಳೆದು ನನಗೆ ಹೇಳುತ್ತಿದ್ದವಳು, ಇನ್ನೊಂದು ಹಡಗಿನ ಕೆಳಗೆ ಅಪ್ಪನ ಪಕ್ಕ ಕೂತು ತಲೆ ಎತ್ತದೆ ನಾರು ಬಡಿಯುತ್ತಿದ್ದಳು. ನಾನು ಹೋಗಿ, ಈ ಸಲ ಯಾಕೆ ಹೊರಟಿತು ಹೇಳು ನೋಡೋಣ ಎಂದೆ.

“ಗೊತ್ತಿಲ್ಲ ಮೇಷ್ಟ್ರೇ” ಎಂದಳು. ಇನ್ನೊಂದು ಎಳೆ ನಾರನ್ನು ಸಂದಿಗೆ ಬಡಿದು, “ಗೊತ್ತಿಲ್ಲ ಅಂದ್ರೆ ಯಾರಿಗೂ ಬೇಜಾರಾಗಲ್ಲ” ಎಂದಳು.

ಮಾನ್ಯರೇ, ಆ ಹಡಗು ಹದಿನೈದು ದಿನ ತಡವಾಗಿಯಾದರೂ ನೀರು ಕಂಡಿತು. ಈ ಹುಡುಗಿಯನ್ನು ನೀವು ಎಲ್ಲಿ ನಿಲ್ಲಿಸಿದ್ದೀರಿ ಎಂಬ ಅರಿವು ನಿಮಗಿದೆಯೇ?

ಒಂದು ತಪ್ಪೊಪ್ಪಿಗೆ ನನ್ನದೂ ಇದೆ. ಹಗ್ಗ ಹಿಡಿದ ಜನ ಅಧಿಕಾರಿಯ ಕೈ ನೋಡುವುದಿಲ್ಲ, ಕೂಗು ಕೇಳುತ್ತಾರೆ. ಅಂದು ನೀವು ಕೈ ಎತ್ತಿದಾಗ ‘ನಿಲ್ಲಿ’ ಎಂದು ಕೂಗಿದ್ದು ನನ್ನ ಗಂಟಲು. ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಹೇಬರಿಗೆ ಎದುರಾಡುವುದು ಯಾಕೆ ಎಂದು ನಿಲ್ಲಿಸಿಬಿಟ್ಟೆ, ಆಮೇಲೂ ಬಾಯಿ ಬಿಡಲಿಲ್ಲ. ನಾನು ಹೇಳಬೇಕಾದದ್ದನ್ನು ಆ ಹುಡುಗಿ ಹೇಳಿದಳು. ಸುಮ್ಮನಿದ್ದ ನನ್ನನ್ನು ನೀವು ಹೊರಡುವಾಗ ಕೈ ಕುಲುಕಿ ಹೊಗಳಿದಿರಿ.

ಪಟ್ಟಿ ಗುರುವಾರ ಮಕಾಸ್ಸರಿಗೆ ಹೋಗುತ್ತದೆ. ಅದಕ್ಕೆ ಮೊದಲು ಅವಳ ಹೆಸರು ಅದರಲ್ಲಿರಬೇಕು, ಕಡತದ ಆ ಎರಡು ಸಾಲುಗಳನ್ನು ನಿಮ್ಮ ಕೈಯಾರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿರಬೇಕು. ಆಗದು ಎಂದಾದರೆ ನಿಜವಾದ ಕಾರಣವನ್ನಾದರೂ ಬರೆಯಿರಿ: ಹಡಗನ್ನು ನಾನು ನಿಲ್ಲಿಸಿದೆ, ಅದನ್ನು ಅವಳು ಹೇಳಿದಳು. ಬುಧವಾರ ಬೆಳಗ್ಗೆ ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಈ ಸಲ ಅವಳು ಸುಮ್ಮನಿರಲಿ, ನಾನು ಮಾತಾಡುತ್ತೇನೆ.

ಇಂತಿ,
ಇದೇ ಊರಿನ ಶಾಲೆಯಲ್ಲಿ, ಮೂವತ್ತಮೂರು ವರ್ಷಗಳ ಹಿಂದೆ, ಘರ್ಷಣೆಯ ಪ್ರಶ್ನೆಗೆ ನೀವು ಖಾಲಿ ಬಿಟ್ಟಿದ್ದ ಜಾಗವನ್ನು ಕಣ್ಣಾರೆ ಕಂಡೂ, ಪಾಪ ಹುಡುಗ ಎಂದು ಕೃಪಾಂಕ ಕೊಟ್ಟು ನಿಮ್ಮನ್ನು ಒಂಬತ್ತನೆಯ ತರಗತಿಗೆ ದಾಟಿಸಿದ,
ನಿಮ್ಮ ವಿಜ್ಞಾನದ ಮೇಷ್ಟ್ರು
ಸಾಹಾಬುದ್ದೀನ್ ಡಾಯೆಂಗ್ ಸಿಲಾ