ನಮ್ಮವಳ ಹೆಸರು, ಬೇರೆಯವಳ ಮುಖ

ಹಳೇನಗರ, ಭದ್ರಾವತಿ
೧೮ ಜೂನ್ ೨೦೨೫, ಬುಧವಾರ

ಚಿರಂಜೀವಿ ಮಲ್ಲೇಶನಿಗೆ, ಬಸವಣ್ಣ ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ಹೇಗಿದ್ದೀಯ? ಬಂದರಿನ ಕ್ರೇನ್ ಹತ್ತಿದರೆ ತಲೆ ಸುತ್ತುತ್ತದೆ ಎಂದಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ? ಬರೀ ಚಹಾ ಕುಡಿದು ಕೆಲಸಕ್ಕೆ ಓಡುತ್ತಿದ್ದರೆ ಸುತ್ತದೆ ಇನ್ನೇನಾಗುತ್ತದೆ. ನೀನಿರುವ ಸಲಾಲಾದಲ್ಲಿ ಈಗ ಮಂಜುಮಳೆ ಶುರುವಾಗುವ ಕಾಲವಂತೆ, ತರ್ಷಿಣಿ ಹೇಳಿದಳು. ಒದ್ದೆ ಸಾಕ್ಸ್ ಹಾಕಿಕೊಂಡು ತಿರುಗಬೇಡ. ನಿಮ್ಮ ಅಪ್ಪ ಚೆನ್ನಾಗಿದ್ದಾರೆ. ಕಾರ್ಖಾನೆಯ ಸೈರನ್ ಕೂಗದಿದ್ದರೂ ಅದೇ ಹೊತ್ತಿಗೆ ಎದ್ದು, ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ನೆನಪಾಗಿ ಮತ್ತೆ ಕೂರುತ್ತಾರೆ. ನಾನೂ ಗಟ್ಟಿಯಾಗಿದ್ದೇನೆ. ಮೊನ್ನೆಯಿಂದ ಸಿಟ್ಟು ಬಂದಿರುವುದರಿಂದ ಇನ್ನಷ್ಟು ಗಟ್ಟಿಯಾಗಿದ್ದೇನೆ.

ಭಾನುವಾರ ನೀನು ಫೋನ್ ಮಾಡಿದಾಗ ನನಗೆ ಮಾತಾಡಲು ಬಿಡಲಿಲ್ಲ. ಶಿವಮೊಗ್ಗದಿಂದ ನಿನ್ನ ದಾಕ್ಷಾಯಣಿ ಅತ್ತೆ ಅರ್ಧ ಕಥೆ ಊದಿದ್ದಳು, ನೀನು ಉಳಿದರ್ಧವನ್ನು ನೀನೇ ಕಟ್ಟಿಕೊಂಡಿದ್ದೆ. 'ಮಾನ ಹೋಯ್ತಮ್ಮ, ತರ್ಷಿಣಿಗೆ ಆ ಕೆಲಸ ಬಿಡಿಸು, ಇಪ್ಪತ್ತೆಂಟಕ್ಕೆ ಟಿಕೆಟ್ ಮಾಡಿಸಿದೀನಿ, ನಾನು ಹೇಳಿದ್ರೆ ಅವಳು ಕೇಳಲ್ಲ, ನೀನೇ ಒಪ್ಪಿಸಿ ಇಲ್ಲಿಗೆ ಕಳ್ಸು' ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ಕಾಗದ ಬರೆದರೆ ಮಧ್ಯದಲ್ಲಿ ಇಡಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆ ಜಯಶೀಲಾ ಹಾಳೆಗಳ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ಪೂರ್ತಿ ಓದು.

ನಿನ್ನ ಹೆಂಡತಿ ತರ್ಷಿಣಿ ಸಮುದ್ರ ದಾಟಿ ಬಂದವಳು. ಕೊಲಂಬೋ ಬಂದರಿನಲ್ಲಿ ಕೆಲಸಕ್ಕೆಂದು ಹೋದ ನೀನು ಸಿಂಹಳದಿಂದ ಸೊಸೆಯನ್ನು ಕರೆತಂದಾಗ ನಾನು ಎರಡು ದಿನ ಮಾತಾಡಿರಲಿಲ್ಲ, ಅದು ನಿನಗೆ ಗೊತ್ತು. ಮೂರನೆಯ ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ನಮ್ಮಲ್ಲಿ ಎಷ್ಟೋ ಜನ ಮರೆತಿರುವ ಹಾಗೆ ಮೂರು ಬೆರಳಿನಲ್ಲಿ ವಿಭೂತಿ ಧರಿಸಿ ಬಂದು ನಿಂತಳು. ಆಮೇಲೆ ನಾನು ಮಾತಾಡದಿರಲು ಕಾರಣ ಉಳಿಯಲಿಲ್ಲ. ಕನ್ನಡ ಕಲಿತಳು. ಸಂತೆಯಲ್ಲಿ ತನ್ನ ತಾಯಿನುಡಿ ತಮಿಳಿನಲ್ಲಿ ಚೌಕಾಸಿ ಮಾಡಿ ನನಗಿಂತ ಕಮ್ಮಿ ಬೆಲೆಗೆ ತರುತ್ತಾಳೆ. ನನ್ನನ್ನು 'ಮಾಮಿ' ಎನ್ನುವುದನ್ನು ಮಾತ್ರ ಬಿಡಿಸಲಾಗಲಿಲ್ಲ, ಈಗ ಬಿಡಿಸುವ ಮನಸ್ಸೂ ಇಲ್ಲ.

ಆದರೆ ಅವಳು ಮನೆಯಲ್ಲಿ ಕೂರಲು ಹುಟ್ಟಿದವಳಲ್ಲ. ಅವಳ ಊರು ಮಟ್ಟಕ್ಕಳಪ್ಪಿನಲ್ಲಿ ಸರ್ಕಾರಿ ಶಾಲೆಯ ವಿಜ್ಞಾನದ ಟೀಚರ್, ನೆಟ್‌ಬಾಲ್ ಕೋಚ್ ಆಗಿದ್ದವಳು. ಆ ಆಟ ನನಗೂ ಹೇಳಿಕೊಟ್ಟಿದ್ದಾಳೆ. ಚೆಂಡು ಕೈಗೆ ಬಂದಮೇಲೆ ಅದನ್ನು ಹಿಡಿದುಕೊಂಡು ಓಡುವ ಹಾಗಿಲ್ಲ, ಹಿಡಿದುಕೊಂಡು ನಿಲ್ಲುವ ಹಾಗೂ ಇಲ್ಲ, ತಕ್ಷಣ ಇನ್ನೊಬ್ಬಳಿಗೆ ಕೊಡಬೇಕು. ಎರಡು ವರ್ಷ ಕಾದು, ಇಲ್ಲಿ ಕೆಲಸ ಮಾಡಬಹುದು ಎಂಬ ಕಾರ್ಡ್ ಬಂದಮೇಲೆ ಅವಳು ಹತ್ತಿಳಿಯದ ಶಾಲೆ ಈ ಊರಿನಲ್ಲಿಲ್ಲ. ಒಂದು ಕಡೆ 'ನಿಮ್ಮ ಡಿಗ್ರಿ ನಮ್ಮ ದೇಶದ್ದಲ್ಲ' ಎಂದರು. ಇನ್ನೊಂದು ಕಡೆ 'ಫಾರಿನರ್ ಅಂದ್ರೆ ಪೊಲೀಸ್ ಸ್ಟೇಷನ್ ಅಲೆಯೋರು ಯಾರು' ಎಂದರು. ಅಂದರೆ ಕೆಲಸ ಕೊಡದಿರುವುದಕ್ಕೆ ಅವಳು ವಿದೇಶಿಯೇ. ಇದನ್ನು ನೆನಪಿಟ್ಟುಕೋ.

ಕಡೆಗೆ ಮೇ ತಿಂಗಳಲ್ಲಿ ಶಿವಮೊಗ್ಗದ ಆಯನೂರು ರಸ್ತೆಯಲ್ಲಿರುವ ಒಂದು ಖಾಸಗಿ ಶಾಲೆಯವರು ಫೋನಿನಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಸಿ ಕೆಲಸ ಕೊಟ್ಟರು. ಆ ಶಾಲೆಯ ಹೆಸರು ಬರೆಯಲು ನನ್ನ ಪೆನ್ನಿಗೆ ಇಷ್ಟವಿಲ್ಲ. ಆರು ಏಳನೆಯ ತರಗತಿಗೆ ವಿಜ್ಞಾನ, ಸಂಜೆ ಹುಡುಗಿಯರಿಗೆ ನೆಟ್‌ಬಾಲ್. ಅವತ್ತು ಅವಳು ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳ ನಡುವೆ ಒಬ್ಬಳೇ ಕುಣಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೋಡಿದ್ದೇನೆಂದು ಹೇಳಿಲ್ಲ.

ಅದಾಗಿ ಒಂದು ವಾರಕ್ಕೆ ದಾಕ್ಷಾಯಣಿಯ ಫೋನ್. 'ಏನೇ ಮಾರಾಯ್ತಿ, ಮಲ್ಲೇಶ ಇನ್ನೊಂದು ಮದ್ವೆ ಆದ್ನಾ? ಇಲ್ಲಿ ಫ್ಲೆಕ್ಸಲ್ಲಿ ನಿನ್ ಸೊಸೆ ಹೆಸ್ರು ಹಾಕವ್ರೆ, ಮೇಲೆ ಯಾರೋ ಹಾಲಿನ ಕೆನೆಯಂಥೋಳು ಹಲ್ಲು ಬಿಟ್ಕೊಂಡು ನಿಂತವ್ಳೆ' ಎಂದಳು. ನಿನ್ನ ಅತ್ತೆ ಅನುಕೂಲವಾದಾಗ ಮಾತ್ರ ಸುಳ್ಳು ಹೇಳುವವಳು, ಇದು ನಿಜವಿರಬಹುದು ಎನ್ನಿಸಿತು. ಮರುದಿನ ಬೆಳಿಗ್ಗೆಯೇ ತರ್ಷಿಣಿಯನ್ನು ಕರೆದುಕೊಂಡು ಬಸ್ ಹತ್ತಿದೆ.

ನಿಜವೇ. ಎರಡು ಕಂಬಗಳ ನಡುವೆ ಕಟ್ಟಿದ ಫ್ಲೆಕ್ಸಿನಲ್ಲಿ ಹಳದಿ ಕೂದಲು, ನೀಲಿ ಕಣ್ಣಿನ ಯಾವಳೋ. ಕೆಳಗೆ 'ಅಂತರರಾಷ್ಟ್ರೀಯ ಕೋಚ್ ಮಿಸ್ ತರ್ಷಿಣಿ, ಪ್ರವೇಶ ಆರಂಭವಾಗಿದೆ'. ಮಿಸ್ ಅಂತೆ. ಕೊರಳಲ್ಲಿ ತಾಳಿ ಇರುವವಳನ್ನು ಮಿಸ್ ಮಾಡಿದ್ದಾರೆ. ನಾನು ಸೀದಾ ಶಾಲೆಯ ಕಾರ್ಯದರ್ಶಿ ಧರ್ಮೇಂದ್ರನ ರೂಮಿಗೆ ಹೋದೆ. ಅವನು ಮೊದಲು ನನ್ನ ಹಿಂದೆ ಬಾಗಿಲ ಕಡೆ ನೋಡಿದ, ಹಳದಿ ಕೂದಲಿನವಳು ಇನ್ನೂ ಬರಬೇಕೇನೋ ಎನ್ನುವ ಹಾಗೆ. ನನ್ನ ಪಕ್ಕ ನಿಂತವಳೇ ತರ್ಷಿಣಿ ಎಂದು ಗೊತ್ತಾದಾಗ ಅವನ ಮುಖ ನೋಡಬೇಕಿತ್ತು. 'ಅಲ್ಲ ಅಮ್ಮಾ, ತಪ್ಪು ತಿಳ್ಕೋಬೇಡಿ. ಫಾರಿನ್ ಅಂದ್ರೆ ಪೇರೆಂಟ್ಸು ಬೇರೆ ತರ ಅನ್ಕೋತಾರೆ. ಇವ್ರು ನೋಡಿದ್ರೆ ನಮ್ಮ ಭದ್ರಾವತಿ ಹುತ್ತಾ ಕಾಲೋನಿಯೋರ ತರ ಅವ್ರೆ. ಕೆಲ್ಸ ಮಾಡ್ಲಿ, ನಾವೇನ್ ಬೇಡ ಅನ್ನಲ್ಲ. ಪೇರೆಂಟ್ಸ್ ಮೀಟಿಂಗ್ ದಿವ್ಸ ಮಾತ್ರ ರಜ ಹಾಕ್ಲಿ' ಎಂದ.

ಕೇಳಿದೆಯಾ? ಕಾಗದ ನೋಡಿದವರಿಗೆ ಅವಳು ಬೇರೆ ದೇಶದವಳು, ಮುಖ ನೋಡಿದವನಿಗೆ ಪಕ್ಕದ ಬೀದಿಯವಳು. ಎರಡೂ ಕಡೆ ಬಾಗಿಲು ಹಾಕಿದರೆ ಅವಳು ನಿಲ್ಲುವುದೆಲ್ಲಿ? ನಾನು ಕೇಳಿಯೇಬಿಟ್ಟೆ, 'ನೀವು ಹುಡುಕ್ತಿರೋದು ಟೀಚರನ್ನೋ, ಸೋಪಿನ ಜಾಹೀರಾತಿಗೆ ಹುಡುಗೀನೋ? ನಮ್ಮ ಮನೆ ಸೊಸೆ ಮುಖ ಮುಚ್ಕೊಂಡು ಎಲ್ಲೂ ದುಡಿಯಲ್ಲ. ನಿಮ್ಮ ಕೆಲ್ಸ ನಿಮ್ಮ ಫ್ಲೆಕ್ಸಿಗೇ ಕೊಟ್ಕೊಳಿ.' ಅಷ್ಟು ಹೇಳಿ ಅವಳ ಕೈ ಹಿಡಿದು ಎಳೆದುಕೊಂಡೇ ಹೊರಗೆ ಬಂದೆ.

ವಾಪಸ್ ಬಸ್ ಹತ್ತಿದೆವು. ಮಾಚೇನಹಳ್ಳಿ ದಾಟಿದ ಮೇಲೆ, ಕಿಟಕಿಯ ಕಡೆಯೇ ಮುಖ ಮಾಡಿಕೊಂಡು, 'ಮಾಮಿ, ಅವ್ರು ನನ್ನ ಮುಖ ಬೇಡ ಅಂದ್ರು. ನೀವು ನನ್ನ ಕೆಲ್ಸಾನೇ ಬೇಡ ಅಂದ್ರಿ. ನನ್ನ ಯಾರೂ ಕೇಳ್ಲಿಲ್ಲ' ಎಂದಳು.

ನನಗೆ ಎಷ್ಟು ಕೋಪ ಬಂತೆಂದರೆ, ಅವಳ ಪರವಾಗಿ ಜಗಳವಾಡಿದ ನನಗೇ ಇದು ಬಹುಮಾನವೇ ಎಂದು ಅವತ್ತು ರಾತ್ರಿ ಊಟ ಬಡಿಸುವಾಗ ಪಾತ್ರೆಗಳಿಗೆಲ್ಲ ಪೆಟ್ಟು ಬಿತ್ತು. ನಿಮ್ಮ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಕೊರಳಿಗೆ ವಿಶಲ್ ಹಾಕಿಕೊಂಡು, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದಳು. ಅದೇ ಶಾಲೆಗೆ ಹೊರಟಿದ್ದಾಳೆಂದು ತಿಳಿಯಿತು. ಡಬ್ಬಿಗೆ ಚಿತ್ರಾನ್ನ ಹಾಕಿ ಬಾಗಿಲ ಬಳಿ ಇಟ್ಟೆ. ತೆಗೆದುಕೊಂಡು ಹೋದಳು.

ಆ ಧರ್ಮೇಂದ್ರನಿಗೆ ಅವಳು ಹೇಳಿದ್ದು ಇಷ್ಟೇ ಅಂತೆ: ಕೆಲಸ ಮಾಡುತ್ತೇನೆ, ಮೀಟಿಂಗಿಗೆ ರಜೆ ಹಾಕುವುದಿಲ್ಲ. ಮೊದಲ ವಾರದಲ್ಲೇ ಹುಡುಗಿಯರು ಹುಚ್ಚು ಹಿಡಿದವರ ಹಾಗೆ ನೆಟ್‌ಬಾಲ್ ಆಡತೊಡಗಿದ್ದರಿಂದ ಅವನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕಳೆದ ಶನಿವಾರ ಮೀಟಿಂಗ್. ಇವಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ನಾನೂ ಹೋಗಿದ್ದೆ, ಕೊನೆಯ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದೆ. ಆಯನೂರಿನ ಹೆಂಗಸೊಬ್ಬಳು ಎದ್ದು 'ಆ ಫಾರಿನ್ ಮೇಡಮ್ಮು ಎಲ್ಲಿ?' ಎಂದಳು. ಧರ್ಮೇಂದ್ರ ಕರ್ಚೀಫು ಹುಡುಕತೊಡಗಿದ. ತರ್ಷಿಣಿ ಎದ್ದು ನಿಂತು 'ನಾನೇ ರೀ. ಊರು ಮಟ್ಟಕ್ಕಳಪ್ಪು, ಶ್ರೀಲಂಕಾ. ಈಗ ಭದ್ರಾವತಿ. ಫ್ಲೆಕ್ಸಲ್ಲಿರೋರು ಯಾರೋ ನನಗೂ ಗೊತ್ತಿಲ್ಲ' ಎಂದಳು. ಆ ಹೆಂಗಸು ಎದೆ ಮೇಲೆ ಕೈಯಿಟ್ಟುಕೊಂಡು, 'ಅಯ್ಯೋ ನಮ್ಮವ್ವಾ, ಕನ್ನಡ ಮಾತಾಡ್ತೀಯಲ್ಲ. ಆ ಬಿಳೀ ಮೇಡಮ್ ಹತ್ರ ಮಗಳ ವಿಷ್ಯ ಹೆಂಗಪ್ಪಾ ಕೇಳೋದು ಅಂತ ನಂಗೆ ನಿದ್ದೇನೇ ಇಲ್ಲ' ಎಂದಳು. ಎಲ್ಲರೂ ನಕ್ಕರು. ಮೀಟಿಂಗ್ ಮುಗಿದ ಮೇಲೆ ತಾಯಂದಿರೆಲ್ಲ ಇವಳ ಸುತ್ತ ನಿಂತಿದ್ದರು. ಧರ್ಮೇಂದ್ರ 'ನಮ್ಮ ಸೆಲೆಕ್ಷನ್ ಹೆಂಗಿದೆ' ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವನ ಮೋರೆಗೆ.

ಇದಿಷ್ಟನ್ನೂ ದಾಕ್ಷಾಯಣಿ ನಿನಗೆ ಹೇಳಿರಲಿಕ್ಕಿಲ್ಲ. ನಿನ್ನ ಹೆಂಡತಿಯೂ ನೀನು ದೂರದಲ್ಲಿ ಚಿಂತೆ ಮಾಡುತ್ತೀಯ ಎಂದು 'ಎಲ್ಲಾ ಚೆನ್ನಾಗಿದೆ' ಎಂದಿದ್ದಾಳೆ. ನೀನು ಮಾತ್ರ ಮಾನದ ಲೆಕ್ಕ ಹಾಕಿಕೊಂಡು ಟಿಕೆಟ್ ಮಾಡಿಸಿದೆ. ಮಾನ ಯಾರದಪ್ಪಾ ಹೋದದ್ದು? ಅವಳದ್ದು ಹೋಗಿದ್ದರೆ ಅದನ್ನು ಅವಳೇ ಹೋಗಿ ತಂದಿದ್ದಾಳೆ. ನಿನ್ನದು ಹೋಗಿದ್ದರೆ ಕ್ರೇನಿನ ಮೇಲಿಂದ ಹುಡುಕು.

ಸೋಮವಾರ ಹೊಸ ಫ್ಲೆಕ್ಸ್ ಬಂದಿದೆ. ಅವಳದೇ ಫೋಟೋ, ವಿಶಲ್ ಬಾಯಲ್ಲಿ, ಸುತ್ತ ಹುಡುಗಿಯರು. 'ಶ್ರೀಮತಿ' ಎಂದೂ ಹಾಕಿದ್ದಾರೆ. ಆದರೆ ಆ ಫ್ಲೆಕ್ಸಿನ ಅಂಗಡಿಯವನು ಕಂಪ್ಯೂಟರಿನಲ್ಲಿ ಅವಳ ಮುಖಕ್ಕೆ ಸುಣ್ಣ ಹೊಡೆದಿದ್ದಾನೆ. ನಿಮ್ಮ ಅಪ್ಪ ಅದಕ್ಕೆಂದೇ ಶಿವಮೊಗ್ಗಕ್ಕೆ ಹೋಗಿ ನೋಡಿಬಂದು 'ಮೂಗು ಸರಿಯಾಗಿದೆ' ಎಂದರು. ನಾನು ಆ ಅಂಗಡಿಗೆ ಹೊರಟು ನಿಂತಿದ್ದೆ. 'ಹೋಗಲಾ?' ಎಂದು ಅವಳನ್ನು ಕೇಳಿದೆ. 'ಬೇಡ ಮಾಮಿ, ನಾನೇ ನೋಡ್ಕೋತೀನಿ' ಎಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಟ್ಟು ಒಳಗೆ ಬಂದು ಕೂತೆ. ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮ ಅಪ್ಪನ ಆಶೀರ್ವಾದ. ನನ್ನದೂ ಇದೆ, ಕೆಳಗೆ ಬರೆದದ್ದನ್ನು ನಡೆಸಿಕೊಟ್ಟರೆ.

ನಿನ್ನ ತಾಯಿ
ಬಸವರಾಜೇಶ್ವರಿ

ಕಡೆಯ ಮಾತು: ಜಯಶೀಲಾ ಫೋಟೋ ತೆಗೆಯಲು ಬಂದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಟಿಕೆಟ್ಟಿನ ವಿಷಯ ನಾನು ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ, ಇವತ್ತೇ ಕ್ಯಾನ್ಸಲ್ ಮಾಡು. ಒಮ್ಮೆ ಅವಳನ್ನು ಕೇಳದೆ ಅವಳ ಕೆಲಸ ಬಿಡಿಸಲು ಹೋದವಳು ನಾನು. ಈ ಮನೆಯಲ್ಲಿ ಅದು ಒಂದು ಸಲಕ್ಕೆ ಸಾಕು. ಇಪ್ಪತ್ತೆಂಟಕ್ಕೆ ಅವಳ ಹುಡುಗಿಯರ ಮೊದಲ ಮ್ಯಾಚು ಇದೆ, ಬಸ್ಸಿನಲ್ಲಿ ನನಗೂ ಸೀಟು ಹಿಡಿದಿದ್ದಾಳೆ. ನಿನಗೆ ಹೆಂಡತಿಯನ್ನು ನೋಡಬೇಕೆಂದು ಅಷ್ಟು ಅನ್ನಿಸಿದರೆ ಟಿಕೆಟ್ಟನ್ನು ಈ ಕಡೆಗೆ ಮಾಡಿಸು. ಶಿವಮೊಗ್ಗದ ಪಕ್ಕ ಸೋಗಾನೆಗೇ ವಿಮಾನ ಬರುತ್ತದಲ್ಲ. ಇಳಿದು ಒಂದಿಷ್ಟು ಸುತ್ತು ಹಾಕಿ ಶಾಲೆಯ ಕಡೆ ಹೋದರೆ ಫ್ಲೆಕ್ಸ್ ಸಿಗುತ್ತದೆ. ನಿಜವಾದ ಮುಖ ಮನೆಯಲ್ಲಿದೆ.