ಚಕ್ರಕ್ಕೆ ಇಡುವ ಮರದ ತುಂಡು

ಎಂಜಿನಿಯರ್ ಸಾರ್ ಅವರಿಗೆ ಚಹಾ ಕಾಸುವ ನರ್ಸವ್ವನ ನಮಸ್ಕಾರ.

ಸೋಮವಾರ ಟ್ರ್ಯಾಕ್ಟರಿನಿಂದ ಬಿಚ್ಚಿದ ಕೂಡಲೇ ಕಾಂಕ್ರೀಟ್ ಮಿಕ್ಸರ್ ಇಳಿಜಾರಿಗೆ ಉರುಳಿ ಪೋಚಯ್ಯನ ಕಾಲು ಜಜ್ಜಿತಲ್ಲ, ಅದು ಅವನದೇ ತಪ್ಪೆಂದು ವರದಿಯಲ್ಲಿ ಬರೆದಿದ್ದೀರಂತೆ. ಅದನ್ನು ಹೊಡೆದುಹಾಕಿ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಚಕ್ರಕ್ಕೆ ಅಡ್ಡ ಇಡುವ ಮರದ ತುಂಡನ್ನು ಅಂದು ಒಲೆಗೆ ಹಾಕಿದವಳು ನಾನು. ಸೌದೆ ಇಬ್ಬನಿಗೆ ನೆಂದಿತ್ತು. "ನರ್ಸವ್ವಾ, ನನ್ ತುಂಡೆಲ್ಲಿ?" ಎಂದು ಪೋಚಯ್ಯ ಕೇಳಿದ. "ನಿನ್ ಹೊಟ್ಟೇಲೈತೆ, ಈಗ್ತಾನೆ ಚಾ ಕುಡಿದ್ಯಲ್ಲ" ಎಂದೆ. ನಗುತ್ತಾ ಕಲ್ಲು ಹುಡುಕಲು ಹೊರಟ.

ಇನ್ನು ಮುಂದೆ ಕಬ್ಬಿಣದ ತುಂಡು ಕೊಡಿಸಿ, ಅದು ಉರಿಯುವುದಿಲ್ಲ. ತಪ್ಪು ಬರೆಯಲೇಬೇಕಾದರೆ ನನ್ನ ಹೆಸರು ಬರೆಯಿರಿ. "ಕಲ್ಲುಗಿಲ್ಲು ಬೇಡ, ಹೊತ್ತಾಯ್ತು, ಚಕ್ರಕ್ಕೆ ಕಾಲು ಕೊಡೋ" ಎಂದು ಅವನನ್ನು ವಾಪಸ್ ಕರೆದವರು ಯಾರೆಂದು ನಾನಿನ್ನೂ ಯಾರಿಗೂ ಹೇಳಿಲ್ಲ. ಕೂಗುವಾಗ ನಿಮ್ಮ ಲೋಟದಿಂದ ಚಹಾ ತುಳುಕಿತ್ತು.

ನರ್ಸವ್ವ